ಸಿಟಿ ಓಡಾಟಕ್ಕೆ ಗೇರ್ ಇಲ್ಲದ ಸೈಕಲ್ ಸಾಕಾ, ಗೇರ್ ಬೇಕೇ ಬೇಕಾ? (ಹನುಮಂತನಗರದಿಂದ ಶೇಷಾದ್ರಿಪುರಂ, ದಿನವೂ)

ಹನುಮಂತನಗರದವ

ಎಲ್ಲರಿಗೂ ನಮಸ್ಕಾರ. ಸ್ಕೂಟರ್ ಬಿಟ್ಟು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಬೇಕು ಅಂತ ತೀರ್ಮಾನ ಮಾಡಿದ್ದೇನೆ. ವಯಸ್ಸು 41. ಮನೆ ಹನುಮಂತನಗರ, ಆಫೀಸು ಶೇಷಾದ್ರಿಪುರಂ. ಒಂದು ಕಡೆಗೆ 7 ಕಿ.ಮೀ. ಆಸುಪಾಸು. ರಾಮಕೃಷ್ಣ ಆಶ್ರಮದ ಕಡೆಯಿಂದ ಬುಲ್ ಟೆಂಪಲ್ ರಸ್ತೆ ಇಳಿದು ಚಾಮರಾಜಪೇಟೆ, ಅಲ್ಲಿಂದ ಗೂಡ್ಸ್ ಶೆಡ್ ರಸ್ತೆ, ಮೆಜೆಸ್ಟಿಕ್, ಆನಂದರಾವ್ ವೃತ್ತ. ಜೊತೆಗೆ ಲ್ಯಾಪ್‌ಟಾಪ್ ಬ್ಯಾಗು, ಊಟದ ಡಬ್ಬಿ.

ಅಂಗಡಿಯಲ್ಲಿ ಎರಡು ಸೈಕಲ್ ನೋಡಿಕೊಂಡು ಬಂದೆ. ಒಂದು ಸಿಂಗಲ್ ಸ್ಪೀಡ್, ಅಂದರೆ ಗೇರ್ ಇಲ್ಲದ್ದು. ಹಗುರ, ನೋಡೋಕೂ ಚೆನ್ನಾಗಿದೆ. ಇನ್ನೊಂದು 21 ಗೇರಿನದ್ದು. ಬೆಲೆಯಲ್ಲಿ ನಾಲ್ಕೈದು ಸಾವಿರ ವ್ಯತ್ಯಾಸ. ಅಂಗಡಿಯವರು "ಗೇರ್ ಜಾಸ್ತಿ ಇದ್ದಷ್ಟು ಒಳ್ಳೇದು ಸರ್" ಅಂದರು. ಸ್ನೇಹಿತ ಒಬ್ಬ "ಗೇರ್ ಬರೀ ತಲೆನೋವು, ತಗೋಬೇಡ" ಅಂದ. ನಮ್ಮ ತಂದೆಯವರು ಇಡೀ ಸರ್ವೀಸು ಗೇರ್ ಇಲ್ಲದ 28 ಇಂಚಿನ ಕರಿ ಸೈಕಲ್ಲಿನಲ್ಲೇ ಓಡಾಡಿದವರು. ಆ ಸೈಕಲ್ ಇನ್ನೂ ಮೆಟ್ಟಿಲ ಕೆಳಗೆ ನಿಂತಿದೆ. ಅದನ್ನು ನೋಡಿದಾಗಲೆಲ್ಲ ಅವರಿಗೆ ಸಾಕಾಗಿದ್ದು ನನಗೆ ಯಾಕೆ ಸಾಲದು ಅನ್ನಿಸುತ್ತದೆ. ದಿನವೂ ಓಡಿಸುವವರು ದಯವಿಟ್ಟು ಹೇಳಿ.

ಒಂದೇ ಗೇರು

ನಾನು ಆರು ವರ್ಷದಿಂದ ಜಯನಗರದಲ್ಲಿ ಸಿಂಗಲ್ ಸ್ಪೀಡ್ ಓಡಿಸುತ್ತಿದ್ದೇನೆ. ಬಿಡುವ ಮಾತೇ ಇಲ್ಲ.

ಮೊದಲನೇ ಕಾರಣ, ಅದು ತಲೆ ತಿನ್ನುವುದಿಲ್ಲ. ಬೆಳಿಗ್ಗೆ ಟಯರ್ ಒತ್ತಿ ನೋಡು, ಗಾಳಿ ಇದ್ದರೆ ಹತ್ತು, ಹೊರಡು. ಹದಿನೈದು ದಿನಕ್ಕೊಮ್ಮೆ ಚೈನು ಒರೆಸಿ ಎಣ್ಣೆ ಬಿಟ್ಟರೆ ಆಯಿತು. ಗೇರಿನ ಕೇಬಲ್ ಸಡಿಲ, ಚೈನು ಕಟಕಟ, ಟ್ಯೂನಿಂಗ್ ಅಂತ ಅಂಗಡಿ ಮುಂದೆ ಕಾಯುವುದಿಲ್ಲ. ಬಸ್ಸು, ಆಟೋ, ಗುಂಡಿ ಇಷ್ಟರ ನಡುವೆ ಹೋಗುವಾಗ ಗಮನವೆಲ್ಲ ರಸ್ತೆಯ ಮೇಲೇ ಇರುತ್ತದೆ. ಕೈಗೆ ಬ್ರೇಕ್, ಬೆಲ್ ಬಿಟ್ಟರೆ ಬೇರೆ ಕೆಲಸ ಇಲ್ಲ.

ಎರಡನೆಯದು, ಅದು ಸವಾರಿ ಕಲಿಸುತ್ತದೆ. ಮುಂದೆ ಏರು ಕಂಡರೆ ಐವತ್ತು ಮೀಟರ್ ಮೊದಲೇ ಜೋರು ಹಿಡಿಯುತ್ತೇನೆ. ಸಿಗ್ನಲ್ ಕೆಂಪಾಗಿದ್ದರೆ ದೂರದಿಂದಲೇ ನಿಧಾನ ಮಾಡಿ, ಕಾಲು ಊರದೆ ಹಸಿರಿಗೆ ತಲುಪುತ್ತೇನೆ. ಆರು ತಿಂಗಳಲ್ಲಿ ಇದು ಕಾಲಿಗೇ ಗೊತ್ತಾಗಿಬಿಡುತ್ತದೆ. 7 ಕಿ.ಮೀ. ದೂರಕ್ಕೆ ಗೇರ್ ಬೇಡ.

ನಾಗರಬಾವಿ

ನಾನೂ ಹೀಗೇ ಅಂದುಕೊಂಡು ಸಿಂಗಲ್ ಸ್ಪೀಡ್ ತಗೊಂಡೆ. ಮನೆ ಮುಂದಿನ ರಸ್ತೆಯೇ ಏರು. ಮೊದಲ ಎರಡು ತಿಂಗಳು ಹುಮ್ಮಸ್ಸಿನಲ್ಲಿ ಎದ್ದು ನಿಂತು ತುಳಿದೆ. ಮೂರನೇ ತಿಂಗಳು ಎಡ ಮಂಡಿಯ ಚಿಪ್ಪಿನ ಸುತ್ತ ನೋವು ಶುರುವಾಯಿತು. ಮೆಟ್ಟಿಲು ಇಳಿಯುವಾಗ ಜಾಸ್ತಿ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಸೈಕಲ್ಲಿನಲ್ಲಿ ತುಂಬಾ ಭಾರವಾಗಿ ತುಳಿಯುತ್ತೀರಾ?" ಆರು ವಾರ ಸೈಕಲ್ ಮುಟ್ಟಲಿಲ್ಲ. ಆಮೇಲೆ ಗೇರಿನದ್ದು ತಗೊಂಡೆ. ಎರಡು ವರ್ಷ ಆಯಿತು, ನೋವು ಮತ್ತೆ ಬಂದಿಲ್ಲ. 41 ವಯಸ್ಸು ಅಂತೀರಿ, ಅದಕ್ಕೇ ಹೇಳುತ್ತಿದ್ದೇನೆ.

ಒಂದೇ ಗೇರು

ನಾಗರಬಾವಿ ಅವರೇ, ನೋವು ಅನುಭವಿಸಿದ್ದೀರಿ, ಅದನ್ನು ಅಲ್ಲಗಳೆಯುವುದಿಲ್ಲ. ಒಂದು ಕೇಳಲಾ? ಆ ಸೈಕಲ್ಲಿನ ಮುಂದಿನ ಚೈನ್‌ವೀಲಿಗೆ ಅಂದರೆ ಪೆಡಲ್ ಹತ್ತಿರದ ಹಲ್ಲುಚಕ್ರಕ್ಕೆ ಎಷ್ಟು ಹಲ್ಲಿತ್ತು, ಹಿಂದಿನ ಫ್ರೀವೀಲಿಗೆ, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಕ್ಕೆ ಎಷ್ಟಿತ್ತು?

ನಾಗರಬಾವಿ

ತಮ್ಮ ಈಗ ಅದನ್ನು ಓಡಿಸುತ್ತಾನೆ, ಎಣಿಸಿ ಹೇಳಿದ. ಮುಂದೆ 46, ಹಿಂದೆ 16.

ಒಂದೇ ಗೇರು

ಅಲ್ಲೇ ಇದೆ ನೋಡಿ. 46ನ್ನು 16ರಿಂದ ಭಾಗಿಸಿದರೆ ಸುಮಾರು 2.9. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ 2.9 ಸುತ್ತು. 700 ಸೈಜಿನ ಚಕ್ರದ ಸುತ್ತಳತೆ ಸುಮಾರು 2.15 ಮೀಟರ್. ಹಾಗಾಗಿ ಒಂದು ತುಳಿತಕ್ಕೆ ಸೈಕಲ್ 6 ಮೀಟರಿಗಿಂತ ಜಾಸ್ತಿ ಓಡಬೇಕು. ಅದು ಸಮತಟ್ಟು ರಸ್ತೆಯಲ್ಲಿ ಜೋರಾಗಿ ಹೋಗುವವರ ಲೆಕ್ಕ. ನನ್ನದು 44ಕ್ಕೆ 18, ಅಂದರೆ 2.44. ಒಂದು ಸುತ್ತಿಗೆ 5.25 ಮೀಟರ್. ಸಿಂಗಲ್ ಸ್ಪೀಡ್ ಅಂತ ಹೆಸರು ಒಂದೇ ಇದ್ದರೂ ಒಳಗೆ ಬೇರೆ ಬೇರೆ. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಹಲ್ಲು ಎಣಿಸಬೇಕು.

ಹಿಂದಿನ ಫ್ರೀವೀಲ್ ಬದಲಿಸುವುದು ಸಣ್ಣ ಖರ್ಚು. 16 ತೆಗೆದು 18 ಹಾಕಿದರೆ ಹಿಂದಿನ ಚಕ್ರ ಸುಮಾರು 6 ಮಿ.ಮೀ. ಮುಂದೆ ಬರುತ್ತದೆ, ಅಷ್ಟೇ. ಚೈನು ಬದಲಿಸುವ ಅಗತ್ಯವೂ ಸಾಮಾನ್ಯವಾಗಿ ಬರುವುದಿಲ್ಲ. ನಿಮ್ಮ ತಮ್ಮನಿಗೆ ಇದನ್ನು ಹೇಳಿ, ಅವರ ಮಂಡಿಯಾದರೂ ಉಳಿಯಲಿ.

ಮತ್ತೆ, ಫಿಕ್ಸಿ ಬೇರೆ, ಸಿಂಗಲ್ ಸ್ಪೀಡ್ ಬೇರೆ. ಫಿಕ್ಸಿಯಲ್ಲಿ ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ, ಇಳಿಜಾರಿನಲ್ಲೂ ಕಾಲು ನಿಲ್ಲಿಸುವ ಹಾಗಿಲ್ಲ. ಹೊಸಬರಿಗೆ ನಮ್ಮ ಟ್ರಾಫಿಕ್ಕಿನಲ್ಲಿ ಅದು ಬೇಡವೇ ಬೇಡ.

ಕೆರೆ ಹುಡುಕುವವ

ಹನುಮಂತನಗರದವರೇ, ಸೈಕಲ್ ವಿಷಯ ಆಮೇಲೆ. ಮೊದಲು ನಿಮ್ಮ ದಾರಿ ನೋಡೋಣ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೆ ಊರು ತಟ್ಟೆಯ ಹಾಗೆ ಸಮ ಇಲ್ಲ. ನಡುವೆ ದಿಣ್ಣೆ ಇದೆ. ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಸೇರಿ ಅರ್ಕಾವತಿಯ ಕಡೆ ಹೋಗುತ್ತದೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಕಡೆ. ಈ ಇಳಿಜಾರುಗಳಲ್ಲೇ ಹಿಂದಿನವರು ಕಟ್ಟೆ ಹಾಕಿ ಕೆರೆ ಮಾಡಿದರು. ಕೆರೆಗಳಲ್ಲಿ ಎಷ್ಟೋ ಮುಚ್ಚಿಹೋದವು. ತಗ್ಗು ಮಾತ್ರ ಹಾಗೇ ಉಳಿಯಿತು. ಸೈಕಲ್ ತುಳಿಯುವವನಿಗೆ ಅದು ಇವತ್ತಿಗೂ ಗೊತ್ತಾಗುತ್ತದೆ.

ನೀವು ದಾಟುವ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ ಇದ್ದ ಜಾಗ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ. ನಿಮ್ಮ ಮನೆಯ ಕೆಳಗೆ ಕೆಂಪಾಂಬುಧಿ ಕೆರೆ ಈಗಲೂ ಇದೆ. ಕೆರೆ ಎಲ್ಲಿತ್ತೋ ಅಲ್ಲಿಗೆ ಇಳಿಯುತ್ತೀರಿ, ಅಲ್ಲಿಂದ ಆಚೆಗೆ ಹತ್ತುತ್ತೀರಿ. ರಾಜಕಾಲುವೆಯ ಮೇಲಿನ ಸೇತುವೆ ಬಂತು ಅಂದರೆ ಮುಂದೆ ಏರು ಇದೆ ಅಂತಲೇ ಲೆಕ್ಕ.

ನಿಮ್ಮ ದಾರಿಯಲ್ಲಿ ಬೆಳಿಗ್ಗೆ ಮೊದಲ ಪಾಲು ಇಳಿಜಾರು. ಮೈ ಬೆವರದೆ ಚಾಮರಾಜಪೇಟೆ ಸೇರುತ್ತೀರಿ. ಮೆಜೆಸ್ಟಿಕ್ ದಾಟಿದ ಮೇಲೆ ಸ್ವಲ್ಪ ಏರು. ಸಂಜೆ ತಿರುಗಾಮುರುಗಾ. ಇಡೀ ದಿನದ ಆಯಾಸ ಮೈಯಲ್ಲಿ ಇರುವಾಗ, ಹೊಟ್ಟೆ ಹಸಿದಿರುವಾಗ, ಮನೆಗೆ ಕೊನೆಯ ಒಂದೂವರೆ ಕಿ.ಮೀ. ಇರುವಾಗ ಬುಲ್ ಟೆಂಪಲ್ ರಸ್ತೆಯ ಏರು ಎದುರಾಗುತ್ತದೆ. ಸೈಕಲ್ ಆರಿಸಬೇಕಾದ್ದು ಬೆಳಗಿನ ಏಳು ಗಂಟೆಯ ಕಾಲಿಗಲ್ಲ, ಸಂಜೆ ಏಳರ ಕಾಲಿಗೆ.

ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ನೀವು, ಸೈಕಲ್, ಬ್ಯಾಗು ಸೇರಿ 85 ಕೆ.ಜಿ. ಅಂದುಕೊಳ್ಳಿ. 100 ಮೀಟರಿಗೆ 5 ಮೀಟರ್ ಎದ್ದಿರುವ ಏರಿನಲ್ಲಿ ಅದರ ಇಪ್ಪತ್ತರಲ್ಲಿ ಒಂದು ಪಾಲು, ಅಂದರೆ ನಾಲ್ಕೂ ಕಾಲು ಕೆ.ಜಿ. ನಿಮ್ಮನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ಪೆಡಲ್ ಒಂದು ಸುತ್ತಿಗೆ ಕಾಲು ಸಾಗುವುದು ಸುಮಾರು 1.07 ಮೀಟರ್. ಅಷ್ಟರಲ್ಲಿ 44/18ರ ಸೈಕಲ್ 5.25 ಮೀಟರ್ ಓಡಬೇಕು, ಸುಮಾರು ಐದು ಪಟ್ಟು. ಹಾಗಾಗಿ ಕಾಲಿನ ಮೇಲೆ ಸರಾಸರಿ 21 ಕೆ.ಜಿ. ಬೀಳುತ್ತದೆ. ಪೆಡಲ್ ಅಡ್ಡವಾಗಿರುವ ಗಳಿಗೆಯಲ್ಲಿ ಇನ್ನೂ ಜಾಸ್ತಿ. 34/28ರ ಗೇರಿನಲ್ಲಿ ಅದೇ ಏರಿಗೆ 10 ಕೆ.ಜಿ. ಸಾಕು. ತುಳಿಯುವುದು ಎರಡರಷ್ಟು ಸಲ, ಭಾರ ಅರ್ಧ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಿದರೆ ಸಿಂಗಲ್ ಸ್ಪೀಡಿನಲ್ಲಿ ಪೆಡಲ್ ನಿಮಿಷಕ್ಕೆ 32 ಸುತ್ತು ಮಾತ್ರ ತಿರುಗುತ್ತದೆ. ಅಷ್ಟು ನಿಧಾನಕ್ಕೆ ಅಷ್ಟು ಭಾರ ಹಾಕುವುದೇ ಮಂಡಿಗೆ ಕಷ್ಟ.

ಪಂಕ್ಚರ್ ಪೆಟ್ಟಿಗೆ

ನಾನು ತುಮಕೂರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ, 22 ವರ್ಷ ಆಯಿತು. ಗಿರಾಕಿಗಳು "21 ಗೇರ್" ಅಂದಾಗ ನನಗೆ ಹೇಳಬೇಕು ಅನ್ನಿಸುವುದನ್ನು ಇಲ್ಲಿ ಹೇಳುತ್ತೇನೆ.

ಮುಂದೆ ಮೂರು ಚೈನ್‌ವೀಲ್, ಹಿಂದೆ ಏಳು ಪಲ್ಲೆ (ಹಲ್ಲುಚಕ್ರ), ಗುಣಿಸಿದರೆ 21. ನಿಜವಾಗಿ ಅಷ್ಟು ಗೇರ್ ಇರುವುದಿಲ್ಲ. ಮಾಮೂಲಿ ಸೆಟ್ಟು ತಗೊಳ್ಳಿ: ಮುಂದೆ 42, 34, 24. ಹಿಂದೆ 14ರಿಂದ 28. ಈಗ ಭಾಗಿಸಿ ನೋಡಿ. 42ಕ್ಕೆ 28 ಹಾಕಿದರೆ 1.5. 24ಕ್ಕೆ 16 ಹಾಕಿದರೂ 1.5. ಒಂದೇ ಗೇರಿಗೆ ಎರಡು ಹೆಸರು. 42/24, 34/20, 24/14 ಈ ಮೂರೂ 1.7ರ ಹತ್ತಿರ. ಕಾಲಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಜೊತೆಗೆ ಮುಂದೆ ದೊಡ್ಡದು ಹಿಂದೆಯೂ ದೊಡ್ಡದು, ಇಲ್ಲಾ ಎರಡೂ ಚಿಕ್ಕದು ಹಾಕಿದರೆ ಚೈನು ಓರೆಯಾಗಿ ಉಜ್ಜುತ್ತದೆ. ಅವನ್ನು ಬಳಸಲೇಬಾರದು. ಕಳೆದು ನೋಡಿದರೆ ಉಪಯೋಗಕ್ಕೆ ಬರುವುದು ಹತ್ತು ಹನ್ನೊಂದು.

ನನ್ನ ಅಂಗಡಿಗೆ ಬರುವ ಗೇರ್ ಸೈಕಲ್ಲುಗಳಲ್ಲಿ ಜಾಸ್ತಿ ತೊಂದರೆ ಮುಂದಿನ ಡಿರೇಲರಿನದ್ದೇ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗದ್ದು. ಚೈನು ಒಳಗೆ ಬಿದ್ದು ಫ್ರೇಮಿಗೂ ಚೈನ್‌ವೀಲಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ. ನಡುವಿನ 34ರಲ್ಲಿ ಬಿಟ್ಟು ಹಿಂದಿನ ಏಳರಲ್ಲೇ ಕಾಲ ಕಳೆಯುತ್ತಾರೆ. ಹಾಗಿದ್ದ ಮೇಲೆ ಮುಂದೆ ಒಂದೇ ಇರುವ ಸೈಕಲ್ ಯಾಕೆ ತಗೋಬಾರದು? ಮುಂದೆ 38 ಇಲ್ಲಾ 42, ಹಿಂದೆ ಏಳು ಪಲ್ಲೆ, ಅದರಲ್ಲಿ ದೊಡ್ಡದು 34 ಹಲ್ಲಿನದ್ದು. 42/34 ಅಂದರೆ 1.24, ಏರು ಹತ್ತೋಕೆ ಧಾರಾಳ. 42/14 ಅಂದರೆ 3, ಖಾಲಿ ರಸ್ತೆಯಲ್ಲಿ ಓಡಿಸೋಕೂ ಸಾಕು. ಗೇರ್ ಬದಲಿಸುವ ಶಿಫ್ಟರ್ ಒಂದೇ, ಬಲಗೈಯಲ್ಲಿ. ಹೊಸಬರು ಎರಡು ದಿನದಲ್ಲಿ ಕಲಿಯುತ್ತಾರೆ.

ಸಿಂಗಲ್ ಸ್ಪೀಡಿನಲ್ಲೂ ರಿಪೇರಿ ಇಲ್ಲ ಅಂತಲ್ಲ. ಚೈನು ಸಡಿಲ ಬಿಟ್ಟುಕೊಂಡು ಓಡಿಸುತ್ತಾರೆ, ಗುಂಡಿಗೆ ಇಳಿದಾಗ ಕಳಚಿಕೊಳ್ಳುತ್ತದೆ. ಹಿಂದಿನ ಚಕ್ರದ ನಟ್ಟು ಬಿಚ್ಚೋಕೆ 15ರ ಸ್ಪ್ಯಾನರ್ ಬೇಕು. ಅದಿಲ್ಲದೆ ಹೊರಟರೆ ಪಂಕ್ಚರ್ ಆದಾಗ ದಾರಿಯಲ್ಲೇ ನಿಲ್ಲಬೇಕು. ಬ್ಯಾಗಿನಲ್ಲಿ ಒಂದು ಇರಲಿ.

ಯಾವುದೇ ಸೈಕಲ್ ಇರಲಿ, ಚೈನು ಅಳೆಯಿರಿ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಶುರು ಮಾಡಿ 24 ಕೊಂಡಿ ಎಣಿಸಿದರೆ ಸರಿಯಾಗಿ 12 ಇಂಚು. ಸವೆದಾಗ ಅದು ಉದ್ದ ಆಗುತ್ತದೆ. ಇಂಚಿನ ಹದಿನಾರರಲ್ಲಿ ಒಂದು ಪಾಲು ಜಾಸ್ತಿ ಆಯಿತು ಅಂದರೆ ಚೈನು ಬದಲಿಸಿ. ಎಂಟರಲ್ಲಿ ಒಂದು ಪಾಲು ಆಗುವವರೆಗೆ ಬಿಟ್ಟರೆ ಹಲ್ಲುಗಳೂ ಹೋಗಿರುತ್ತವೆ, ಖರ್ಚು ಎರಡು ಮೂರು ಪಟ್ಟು.

ಕುಡ್ಲದ ಅಕ್ಕ

ಮಂಗಳೂರಿನಲ್ಲಿ ಈ ಚರ್ಚೆಯೇ ಇಲ್ಲ ಮಾರಾಯ್ರೆ. ಇಲ್ಲಿ ಗೇರ್ ಬೇಕೇ ಬೇಕು. ಕದ್ರಿ ಗುಡ್ಡದ ಕಡೆಗೋ ಲೈಟ್‌ಹೌಸ್ ಹಿಲ್ ಕಡೆಗೋ ಒಮ್ಮೆ ಹತ್ತಿ ನೋಡಿ. ನಾನು ಮುಂದಿನ ಚಿಕ್ಕ ಚೈನ್‌ವೀಲನ್ನು ನಿಜವಾಗಿ ಬಳಸುವವಳು. ಪಂಕ್ಚರ್ ಪೆಟ್ಟಿಗೆ ಅಣ್ಣ ಹೇಳಿದ ಹಾಗೆ ಮುಂದಿನದು ವ್ಯರ್ಥ ಅಂತ ನಮ್ಮ ಊರಿನವರು ಹೇಳಲಿಕ್ಕಿಲ್ಲ.

ನಮ್ಮ ಕಷ್ಟ ಬೇರೆ, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ ಒಣಗುವುದೇ ಇಲ್ಲ. ಮೇಲಿನಿಂದ ಕಡಲ ಗಾಳಿ. ಮೊದಲ ವರ್ಷ ಗೇರಿನ ಕೇಬಲ್ ಹೊದಿಕೆಯ ಒಳಗೇ ತುಕ್ಕು ಹಿಡಿದು ಶಿಫ್ಟರ್ ಒತ್ತಿದರೆ ಅಲುಗಾಡಲಿಲ್ಲ. ಈಗ ಮೇ ಕೊನೆಗೆ ಒಳಗಿನ ತಂತಿ ಎಳೆದು ತೆಗೆದು, ಒರೆಸಿ, ಗ್ರೀಸ್ ಸವರಿ ಮತ್ತೆ ಹಾಕುತ್ತೇನೆ. ಅರ್ಧ ಗಂಟೆಯ ಕೆಲಸ, ಯಾರು ಬೇಕಾದರೂ ಕಲಿಯಬಹುದು. ಮಳೆಯಲ್ಲಿ ನೆನೆದು ಬಂದ ದಿನ ಚೈನನ್ನು ಹಳೇ ಬಟ್ಟೆಯಲ್ಲಿ ಹಿಡಿದು ಪೆಡಲ್ ಹಿಂದಕ್ಕೆ ಹತ್ತು ಸುತ್ತು ತಿರುಗಿಸುತ್ತೇನೆ. ಬಟ್ಟೆಯ ಮೇಲೆ ಕೆಂಪು ಮಣ್ಣಿನ ಗೆರೆ ಬೀಳುತ್ತದೆ. ಗೆರೆ ಬೀಳುವುದು ನಿಂತ ಮೇಲೆ ಎಣ್ಣೆ.

ಇನ್ನೊಂದು ಮಾತು. ನಾನು ಸೀರೆಯಲ್ಲೂ ಚೂಡಿದಾರದಲ್ಲೂ ಓಡಿಸುತ್ತೇನೆ. ಚೈನ್ ಕವರ್ ಇಲ್ಲದ ಸೈಕಲ್ ಹೆಂಗಸರಿಗೆ ಕೊಡುವಾಗ ಅಂಗಡಿಯವರು ಎರಡು ಸಲ ಯೋಚಿಸಬೇಕು. ಗೇರ್ ಸೈಕಲ್ಲಿಗೆ ಪೂರ್ತಿ ಕವರ್ ಕೂರುವುದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಗೇರ್ ಇಲ್ಲದ ಸೈಕಲ್ ಮೇಲೆ ನನಗೆ ಆಸೆ ಉಂಟು.

ಚಿಕ್ಕಪೇಟೆ

ಗೇರ್ ಅಂದರೆ ಸೋಮಾರಿಗಳಿಗೆ ಅಂತ ನನ್ನ ಅಭಿಪ್ರಾಯ. ವ್ಯಾಯಾಮ ಆಗಲಿ ಅಂತ ತಾನೇ ಸೈಕಲ್ ತಗೊಳ್ಳೋದು?

ನಾಗರಬಾವಿ

ಸರ್, ನಾನು ಕೆಲಸಕ್ಕೆ ಹೋಗೋಕೆ ಸೈಕಲ್ ತಗೊಂಡೆ. ವ್ಯಾಯಾಮ ತಾನಾಗೇ ಆಗುತ್ತದೆ. ಮಂಡಿ ನೋವಿನಿಂದ ಮನೆಯಲ್ಲಿ ಕೂತ ಆರು ವಾರ ಒಂದು ಕಿಲೋಮೀಟರೂ ಓಡಿಸಲಿಲ್ಲ. ಗೇರ್ ಬಂದ ಮೇಲೆ ಒಂದು ದಿನ ತಪ್ಪಿಸಿಲ್ಲ. ಯಾವುದರಲ್ಲಿ ವ್ಯಾಯಾಮ ಜಾಸ್ತಿ ಆಯಿತು ಅಂತ ನೀವೇ ನೋಡಿ.

ಡೆಲ್ಫ್ಟ್ ಕನ್ನಡಿಗ

ಹುಬ್ಬಳ್ಳಿಯವನು, ಒಂಬತ್ತು ವರ್ಷದಿಂದ ನೆದರ್‌ಲ್ಯಾಂಡ್ಸ್‌ನಲ್ಲಿ ಇದ್ದೇನೆ. ಇಲ್ಲಿ ಗುಡ್ಡವೇ ಇಲ್ಲ. ಆದರೂ ಹಬ್ ಗೇರಿನ ಸೈಕಲ್ ಬೇಕಾದಷ್ಟು ಕಾಣುತ್ತವೆ. ಕಾರಣ ಗಾಳಿ. ಸಮುದ್ರದ ಕಡೆಯಿಂದ ಎದುರು ಗಾಳಿ ಬೀಸಿದರೆ ಸಮತಟ್ಟು ರಸ್ತೆಯೂ ಧಾರವಾಡದ ಏರಿನ ಹಾಗೆ ಅನ್ನಿಸುತ್ತದೆ.

ನನ್ನ ಸೈಕಲ್ಲಿಗೆ ಮೂರು ಗೇರ್, ಅವು ಹಿಂದಿನ ಚಕ್ರದ ನಡುವಿನ ಹಬ್‌ನ ಒಳಗೇ ಕೂತಿವೆ. ಹೊರಗೆ ಡಿರೇಲರ್ ಇಲ್ಲ, ಹಿಂದೆ ಒಂದೇ ಪಲ್ಲೆ. ಹಾಗಾಗಿ ಚೈನಿಗೆ ಪೂರ್ತಿ ಕವರ್ ಹಾಕಬಹುದು. ಕುಡ್ಲದ ಅಕ್ಕ ಕೇಳಿದ್ದು ಇದನ್ನೇ ಅಲ್ವಾ? ನಿಂತಲ್ಲೇ ಗೇರ್ ಬದಲಿಸಬಹುದು, ಅದು ದೊಡ್ಡ ಅನುಕೂಲ. ಡಿರೇಲರ್ ಸೈಕಲ್ಲಿನಲ್ಲಿ ಪೆಡಲ್ ತಿರುಗುತ್ತಿದ್ದರೆ ಮಾತ್ರ ಗೇರ್ ಬೀಳುತ್ತದೆ. ಭಾರದ ಗೇರಿನಲ್ಲಿ ಸಿಗ್ನಲ್‌ಗೆ ನಿಂತುಬಿಟ್ಟರೆ ಹೊರಡುವಾಗ ಒದ್ದಾಟ. ಇಲ್ಲಿ ಹಾಗಿಲ್ಲ.

ಈ ಹಬ್ ಗೇರ್ ಹೊಸದಲ್ಲ. ಸ್ಟರ್ಮಿ ಆರ್ಚರ್ ಕಂಪನಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಶುರುವಾದದ್ದು 1902ರಲ್ಲಿ. ಅವರ ಹೆಸರುವಾಸಿ ಮೂರು ಗೇರಿನ ಹಬ್ ಬಲು ಸರಳ: ನಡುವಿನದು ನೇರ, ಕೆಳಗಿನದು ಅದರ ಮುಕ್ಕಾಲು, ಮೇಲಿನದು ಅದಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ. 2.44ರ ಸೈಕಲ್ಲಿಗೆ ಅದನ್ನು ಹಾಕಿದರೆ ಏರಿಗೆ 1.83 ಸಿಗುತ್ತದೆ. ಊರಿಗೆ ಬಂದಾಗಲೆಲ್ಲ ಕೇಳುತ್ತೇನೆ, ಇಂಥ ಸೈಕಲ್ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಊರುಗಳಿಗೆ ಹೇಳಿ ಮಾಡಿಸಿದಂಥ ಸೈಕಲ್ ಇದು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಪಂಕ್ಚರ್ ಪೆಟ್ಟಿಗೆ

ಡೆಲ್ಫ್ಟ್ ಅಣ್ಣ, ಒಳ್ಳೇ ಮಾಲು, ಒಪ್ಪುತ್ತೇನೆ. ಆದರೆ ಇಲ್ಲಿ ಒಳಗಿನ ಒಂದು ಸ್ಪ್ರಿಂಗ್ ಹೋದರೆ ತರಿಸೋಕೆ ಆಗಲ್ಲ. ದಿನವೂ ಓಡಿಸುವ ಸೈಕಲ್ ಒಂದು ಸ್ಪ್ರಿಂಗಿಗಾಗಿ ತಿಂಗಳುಗಟ್ಟಲೆ ನಿಲ್ಲಬಾರದು. ಏಳು ಪಲ್ಲೆಯ ಫ್ರೀವೀಲು, ಚೈನು, ಕೇಬಲ್ ಆದರೆ ಯಾವ ತಾಲ್ಲೂಕಿನಲ್ಲೂ ಸಿಗುತ್ತವೆ.

ಮೈಸೂರು ಪೆಡಲ್

ನನಗೆ 67. ಕೆ.ಆರ್. ಮೊಹಲ್ಲಾದಲ್ಲಿ ಒಳಪೆಡಲ್ ಹೊಡೆದು ಸೈಕಲ್ ಕಲಿತವನು. ಮೈಸೂರಿನ ಒಳಗೆ ಓಡಾಡೋಕೆ ಇವತ್ತಿಗೂ ಗೇರ್ ಇಲ್ಲದ್ದೇ ನನಗೆ ಸಾಕು. ಇಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ವಯಸ್ಸಾದವರೂ ಓಡಿಸಿದರು, ಊರು ಅಷ್ಟು ಹದವಾಗಿದೆ. ಅದೇ ಚಾಮುಂಡಿ ಬೆಟ್ಟಕ್ಕೆ ಹೋಗುವ ಹುಡುಗರಿಗೆ ನನ್ನ ಸೈಕಲ್ ಕೊಡುವುದಿಲ್ಲ.

ಹನುಮಂತನಗರದವರೇ, ತಂದೆಯವರ ಸೈಕಲ್ ಬಗ್ಗೆ ಬರೆದಿರಿ. ಒಂದು ನೆನಪಿಸುತ್ತೇನೆ. ನಮ್ಮ ಕಾಲದಲ್ಲಿ ಏರು ಬಂದರೆ ಇಳಿದು ತಳ್ಳುತ್ತಿದ್ದೆವು. ಅದರಲ್ಲಿ ಅವಮಾನ ಇರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಸೈಕಲ್ಲಿನವನೂ ತಳ್ಳುತ್ತಿದ್ದ, ಮಾತಾಡಿಕೊಂಡು ಹತ್ತುತ್ತಿದ್ದೆವು. ಈಗ ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತದೆ, ಇಳಿದು ತಳ್ಳೋಕೆ ಅಂಚೇ ಇಲ್ಲ. ತಂದೆಯವರಿಗೆ ಒಂದು ಗೇರ್ ಸಾಕಾಗಿತ್ತು ಅನ್ನುವಾಗ ಆ ರಸ್ತೆಯನ್ನೂ ಲೆಕ್ಕಕ್ಕೆ ತಗೊಳ್ಳಿ.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಯಾರದಾದರೂ ಗೇರ್ ಸೈಕಲ್ ಒಂದು ವಾರ ಕೇಳಿ ತಗೊಳ್ಳಿ. ಮುಂದೆ 42, ಹಿಂದೆ 18ರ ಪಲ್ಲೆಗೆ ಹಾಕಿ. ಅದು 2.33, ಸಿಂಗಲ್ ಸ್ಪೀಡಿಗೆ ಹತ್ತಿರ. ಶಿಫ್ಟರ್ ಮೇಲೆ ಟೇಪು ಸುತ್ತಿಬಿಡಿ. ಐದು ದಿನ ಮುಟ್ಟಬೇಡಿ. ನಿಮ್ಮ ಪ್ರಶ್ನೆಗೆ ನಿಮ್ಮ ಕಾಲೇ ಉತ್ತರ ಕೊಡುತ್ತದೆ.

ಧಾರವಾಡ ಫೇಡೆ

ಇದು ಛಲೋ ಐಡಿಯಾ ನೋಡ್ರಿ. ಧಾರವಾಡದ ಏರಿಳಿತ ನೋಡಿ ಕಣ್ಣುಮುಚ್ಚಿ ಗೇರ್ ತಗೊಂಡೆ, ಈ ಪರೀಕ್ಷೆ ಮಾಡಿದ್ದರೆ 21ರ ಬದಲು ಏಳರದ್ದು ತಗೊಳ್ಳುತ್ತಿದ್ದೆ.

ಹನುಮಂತನಗರದವ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಮೈಸೂರಿನ ಹಿರಿಯರು ಹೇಳಿದ ಹಾಗೇ ಮಾಡಿದೆ. ಪಕ್ಕದ ಬೀದಿಯ ಸ್ನೇಹಿತನ ಸೈಕಲ್, 42/18ಕ್ಕೆ ಹಾಕಿ ಟೇಪು ಸುತ್ತಿದೆ.

ಸೋಮವಾರ ಬೆಳಿಗ್ಗೆ ತೇಲಿಕೊಂಡು ಹೋದ ಹಾಗಿತ್ತು. ಚಾಮರಾಜಪೇಟೆವರೆಗೆ ಪೆಡಲ್ ತುಳಿದಿದ್ದೇ ಕಮ್ಮಿ. ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು, ಹೂವಿನ ಗಾಡಿಗಳು ಮಾರ್ಕೆಟ್ಟಿನಿಂದ ವಾಪಸ್ ಬರುತ್ತಿದ್ದವು. ಎಷ್ಟು ವರ್ಷದಿಂದ ಇದೇ ದಾರಿಯಲ್ಲಿ ಸ್ಕೂಟರಿನಲ್ಲಿ ಹೋಗಿದ್ದೇನೆ, ಇದೇನನ್ನೂ ನೋಡಿರಲಿಲ್ಲ. ಆನಂದರಾವ್ ವೃತ್ತದಿಂದ ಮುಂದಿನ ಏರು ಕೂತೇ ಹತ್ತಿದೆ. ಸಂಜೆಯೂ ಬುಲ್ ಟೆಂಪಲ್ ರಸ್ತೆಯನ್ನು ಎದ್ದು ನಿಂತು ಹತ್ತಿದೆ. ಸಿಂಗಲ್ ಸ್ಪೀಡೇ ಸಾಕು ಅಂತ ಮನೆಯಲ್ಲಿ ಹೇಳಿಬಿಟ್ಟೆ. ಮಂಗಳವಾರವೂ ಹಾಗೇ.

ಬುಧವಾರ ಸಂಜೆ ಮನೆಯಿಂದ ಫೋನ್ ಬಂತು. ಬರುವಾಗ ಐದು ಕೆ.ಜಿ. ಅಕ್ಕಿ, ತೆಂಗಿನಕಾಯಿ, ತರಕಾರಿ ತಾ ಅಂತ. ಚಾಮರಾಜಪೇಟೆಯಲ್ಲಿ ತಗೊಂಡು ಕ್ಯಾರಿಯರಿಗೆ ಕಟ್ಟಿದೆ. ಏರು ಶುರುವಾಗುವ ಕಡೆ ಮುಂದೆ ಒಂದು ಆಟೋ ಗಕ್ಕನೆ ನಿಂತಿತು. ಹಿಡಿದುಕೊಂಡು ಬಂದಿದ್ದ ವೇಗ ಪೂರ್ತಿ ಹೋಯಿತು. ನಿಂತಲ್ಲಿಂದ, ಏರಿನಲ್ಲಿ, ಅಷ್ಟು ಭಾರದ ಜೊತೆ ಹೊರಡೋಕೆ ಪೆಡಲ್ ಮೇಲೆ ಪೂರ್ತಿ ಮೈ ಹಾಕಿದೆ. ಚಕ್ರ ಅರ್ಧ ಸುತ್ತು ತಿರುಗಿತು, ಹ್ಯಾಂಡಲ್ ಎಡಕ್ಕೆ ಎಳೆಯಿತು, ಬಲಗಡೆ ಬಸ್ಸು ಇತ್ತು. ಕಾಲು ಊರಿ ನಿಂತೆ. ಭಯ ಆಯಿತು. ಬಸ್ಸು ಹೋದ ಮೇಲೆ ಟೇಪು ಹರಿದು, ಹಿಂದಿನ ಚಕ್ರ ಎತ್ತಿ ಹಿಡಿದು, ಕೈಯಲ್ಲೇ ಪೆಡಲ್ ತಿರುಗಿಸಿ ಕೊನೆಯ ದೊಡ್ಡ ಪಲ್ಲೆಗೆ ಹಾಕಿದೆ. ಆಮೇಲೆ ಕೂತು, ನಿಧಾನಕ್ಕೆ, ನೇರವಾಗಿ ಮನೆಗೆ ಬಂದೆ. ಭಾರ ಅದೇ, ಏರು ಅದೇ.

ಗುರುವಾರ, ಶುಕ್ರವಾರ ಟೇಪು ಇಲ್ಲದೆ ಓಡಿಸಿದೆ. ಎಷ್ಟು ಸಲ ಗೇರ್ ಬದಲಿಸುತ್ತೇನೆ ಅಂತ ಎಣಿಸಿದೆ. ಇಡೀ ದಾರಿಯಲ್ಲಿ ನಾಲ್ಕು ಗೇರ್ ಮಾತ್ರ ಬಳಸಿದೆ. ಮುಂದಿನದನ್ನು ಒಂದು ಸಲವೂ ಮುಟ್ಟಲಿಲ್ಲ. ಪಂಕ್ಚರ್ ಪೆಟ್ಟಿಗೆಯವರು ಹೇಳಿದ್ದು ಅಕ್ಷರಶಃ ನಿಜ. ಹಾಗಾಗಿ ಮುಂದೆ ಒಂದು, ಹಿಂದೆ ಏಳು, ದೊಡ್ಡದು 34 ಇರುವ ಸೈಕಲ್ ಹೇಳಿಬಂದಿದ್ದೇನೆ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಹಾಕಿಸಿಕೊಡುತ್ತಾರೆ. 21ರದ್ದಕ್ಕಿಂತ ಸಾವಿರ ಕಮ್ಮಿಯೂ ಆಯಿತು.

ಒಂದೇ ಗೇರು

ನಿಮ್ಮ ಬುಧವಾರದ ಸಂಜೆ ಓದಿದ ಮೇಲೆ ವಾದ ಮಾಡುವುದಿಲ್ಲ. ನನ್ನ ದಾರಿಯಲ್ಲಿ ಅಂಥ ಏರು ಇಲ್ಲ, ಅಕ್ಕಿ ಚೀಲವೂ ಇಲ್ಲ. ನಿಮ್ಮ ಮನೆ ಅಲ್ಲಿದ್ದರೆ ನಾನೂ ಅದೇ ತಗೊಳ್ಳುತ್ತಿದ್ದೆ. ತಂದೆಯವರ ಸೈಕಲ್ ಏನು ಮಾಡುತ್ತೀರಿ? ಗುಜರಿಗೆ ಹಾಕಬೇಡಿ, ದಯವಿಟ್ಟು.

ಹನುಮಂತನಗರದವ

ಹಾಕಲ್ಲ. ಭಾನುವಾರ ಹೊರಗೆ ತೆಗೆದು ತೊಳೆದೆ. ಚೈನ್ ಕವರ್ ಬಿಚ್ಚಿ ಹಲ್ಲು ಎಣಿಸಿದೆ: ಮುಂದೆ 44, ಹಿಂದೆ 18. ನಿಮ್ಮದೇ ಲೆಕ್ಕ. ಕವರಿನ ಒಳಗೆ ಗ್ರೀಸು ಗಟ್ಟಿಯಾಗಿ ಕರಿ ಮೇಣದ ಹಾಗಾಗಿತ್ತು, ಸೀಮೆಎಣ್ಣೆ ಹಾಕಿ ಕೆರೆದರೆ ಕೆಳಗೆ ಚೈನು ಹೊಳೆಯುತ್ತಿತ್ತು. ತುಕ್ಕು ಒಂದು ಚೂರೂ ಇರಲಿಲ್ಲ. ಬ್ರೇಕಿನ ಕಡ್ಡಿಗಳು ಮಾತ್ರ ಬಿಗಿಯಾಗಿವೆ. ಟಯರ್ ಎರಡೂ ಹೊಸದು ಬೇಕು. ಬೀದಿಯ ಕೊನೆಯ ಹಾಲಿನ ಬೂತು, ಗಾಂಧಿಬಜಾರು, ಇಷ್ಟಕ್ಕೆ ಅದನ್ನೇ ಓಡಿಸುತ್ತೇನೆ. ಅಮ್ಮ ಬೆಲ್ ಒಂದು ಸಲ ಹೊಡೆದು ನೋಡಿದರು.

ಕೊನೆಯ ಪ್ರಶ್ನೆ, ಹೊಸ ಸೈಕಲ್ ಬಗ್ಗೆ. ಆಫೀಸಿನ ನೆಲಮಹಡಿಯಲ್ಲಿ ಸ್ಕೂಟರುಗಳನ್ನು ಒತ್ತೊತ್ತಾಗಿ ನಿಲ್ಲಿಸುತ್ತಾರೆ. ಗೇರಿಗೆ ಏಟು ಬೀಳುತ್ತದೆ ಅಂತ ಹೆದರಿಕೆ. ಏನು ಮಾಡಲಿ?

ಪಂಕ್ಚರ್ ಪೆಟ್ಟಿಗೆ

ಒಳ್ಳೇ ಪ್ರಶ್ನೆ. ಡಿರೇಲರ್ ಜೋತುಬಿದ್ದಿರುವ ಸಣ್ಣ ತುಂಡಿಗೆ ಹ್ಯಾಂಗರ್ ಅನ್ನುತ್ತಾರೆ. ಮೆತ್ತನೆಯ ಲೋಹ, ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ. ಎಷ್ಟೋ ಸೈಕಲ್ಲುಗಳಲ್ಲಿ ಅದು ಬಿಚ್ಚಿ ಬದಲಿಸುವ ತುಂಡು. ನಿಮ್ಮದು ಹಾಗಿದ್ದರೆ ಸೈಕಲ್ ತಗೊಳ್ಳುವ ದಿನವೇ ಅದೇ ಅಳತೆಯ ಇನ್ನೊಂದು ಕೇಳಿ ಇಟ್ಟುಕೊಳ್ಳಿ, ಆಮೇಲೆ ಹುಡುಕೋದು ಕಷ್ಟ. ನಿಲ್ಲಿಸುವಾಗ ಬಲಗಡೆ ಗೋಡೆಯ ಕಡೆಗಿರಲಿ, ಸ್ಕೂಟರ್ ಕಡೆಗೆ ಬೇಡ. ಗೇಟಿನ ಒಳಗೆ ಬರುವಾಗ ಪೆಡಲ್ ತಿರುಗುತ್ತಿರುವಾಗಲೇ ಹಿಂದಿನ ದೊಡ್ಡ ಪಲ್ಲೆಗೆ ಹಾಕಿ. ಆಗ ಡಿರೇಲರ್ ಚಕ್ರದ ಕಡೆ ಒಳಕ್ಕೆ ಸರಿದಿರುತ್ತದೆ, ಹೊರಗೆ ಚಾಚಿರುವುದಿಲ್ಲ. ಸಂಜೆ ಹೊರಡುವಾಗಲೂ ಹಗುರದ ಗೇರಿನಲ್ಲೇ ಹೊರಡುತ್ತೀರಿ.